ಪಾಠ ಯೋಜನೆಗೆ ಬೇಕಾದ ನಾಲ್ಕು ಸಲಕರಣೆ, ಬೇಡವಾದ ಒಂದು

ಹೊಸಪೇಟೆಯ ಒಂದು ಪ್ರೌಢಶಾಲೆಗೆ ಪಾಠ ವೀಕ್ಷಣೆಗೆ ಹೋಗಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ರಾತ್ರಿಯಿಡೀ ಕೂತು ಪಾಠ ಯೋಜನೆಯನ್ನೂ ಘಟಕ ಪರೀಕ್ಷೆಯ ಹತ್ತು ಪ್ರಶ್ನೆಗಳನ್ನೂ ಬೆರಳಚ್ಚು ಮಾಡಿ ಪೆನ್‌ಡ್ರೈವಿನಲ್ಲಿ ತಂದಿದ್ದರು. ಶಾಲೆಯ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಒಂದು ಕನ್ನಡ ಅಕ್ಷರವೂ ಇಲ್ಲ. ಟೋಪಿ ಹಾಕಿಕೊಂಡ, ಬಾಲ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳ ಸಾಲು. ನೆನಪಿನಿಂದಲೇ ಪಾಠ ಮುಗಿಸಿದರು. ಪ್ರಶ್ನೆಗಳು ಮಾತ್ರ ಪೆನ್‌ಡ್ರೈವಿನಲ್ಲೇ ಉಳಿದವು. ಮೌಲ್ಯಮಾಪನದ ಕಲಂಗೆ ನಾನು ಕಡಿಮೆ ಅಂಕ ಹಾಕಿದೆ. ಹಾಕಿದ ಮೇಲೆ ಅನ್ನಿಸಿತು, ಈ ತಪ್ಪಿನಲ್ಲಿ ಅರ್ಧ ನಮ್ಮದು. ಬೆರಳಚ್ಚು ಮಾಡಿಕೊಂಡು ಬನ್ನಿ ಎಂದವರು ನಾವು. ಯಾವುದರಲ್ಲಿ, ಹೇಗೆ ಎಂದು ಹೇಳಿಕೊಡಲಿಲ್ಲ.

ಟೆಕ್ಸ್ಟ್ ಎಡಿಟರ್ ಬಳಸುವ ಕಂಪ್ಯೂಟರ್ ಮಂದಿಗೆ ಪ್ಲಗಿನ್ ಎಂದರೆ ಬಲು ಪ್ರೀತಿ. ಪ್ಲಗಿನ್ ಎಂದರೆ ಮೂಲ ತಂತ್ರಾಂಶಕ್ಕೆ ನಾವು ಆಮೇಲೆ ಜೋಡಿಸಿಕೊಳ್ಳುವ ಸಣ್ಣ ಸಲಕರಣೆ. ಯಾವುದು ಇರಲೇಬೇಕು ಎಂದು ಅವರವರಲ್ಲೇ ವಾದ ನಡೆಯುತ್ತದೆ. ಶಿಕ್ಷಕರಾಗುವವರಿಗೂ ಅಂಥ ಒಂದು ಪಟ್ಟಿ ಬೇಕು. ಅದು ಚಿಕ್ಕದಿರಬೇಕು, ಕನ್ನಡಕ್ಕೆ ಹೊಂದಬೇಕು, ದುಡ್ಡು ಕೇಳಬಾರದು. ನನ್ನ ಪಟ್ಟಿಯಲ್ಲಿ ನಾಲ್ಕಿವೆ. ಇವುಗಳಲ್ಲಿ ಕೆಲವನ್ನು ಪ್ಲಗಿನ್ ಎನ್ನುವುದು ತಾಂತ್ರಿಕವಾಗಿ ಸರಿಯಲ್ಲದಿರಬಹುದು. ಕೆಲಸ ಮಾತ್ರ ಅದೇ.

ಮೊದಲನೆಯದು ಯೂನಿಕೋಡ್ ಕೀಲಿಮಣೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಕೊಟ್ಟಿತು. ಕಂಪ್ಯೂಟರಿಗೆ ಕನ್ನಡ ಕಲಿಸಿದ ಈ ಎರಡಕ್ಕೂ ನಾವು ಋಣಿಗಳು. ಆದರೆ ಆ ಕಾಲದ ಫಾಂಟುಗಳಲ್ಲಿ ಒಳಗೆ ಕೂತದ್ದು ಇಂಗ್ಲಿಷ್ ಅಕ್ಷರದ ಸಂಖ್ಯೆ, ಮೇಲೆ ಕಾಣುವುದು ಕನ್ನಡದ ಚಿತ್ರ. ಫಾಂಟ್ ಇಲ್ಲದ ಯಂತ್ರದಲ್ಲಿ ಚಿತ್ರ ಕಳಚಿ ಬೀಳುತ್ತದೆ. ಆ ದಿನ ಶಾಲೆಯಲ್ಲಿ ಆದದ್ದು ಇದೇ. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಹಳಗನ್ನಡ ಪದ್ಯ ಪಾಠ ಮಾಡುವವರಿಗೆ ಬೇಕಾದ ಱ, ೞ ಕೂಡ ಅಲ್ಲಿವೆ. ಈಗಿನ ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಆಯ್ಕೆ ಇದೆ. ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಬೆರಳು ಪಳಗಿದವರು ಅದನ್ನೇ ಮುಂದುವರಿಸಬಹುದು. ಎಫ್ ಕೀಲಿ ಒತ್ತಿ ಒತ್ತಕ್ಷರ ಮೂಡಿಸುವ ರೂಢಿ ಬಿಡಬೇಕಾಗಿಲ್ಲ. ಬದಲಾಗಬೇಕಾದದ್ದು ಒಂದು ಆಯ್ಕೆ ಮಾತ್ರ.

ಇದು ಬರೀ ಅನುಕೂಲದ ಮಾತಲ್ಲ. ದೃಷ್ಟಿ ದೋಷವಿರುವ ಪ್ರಶಿಕ್ಷಣಾರ್ಥಿಯೊಬ್ಬರು ನಮ್ಮಲ್ಲಿದ್ದರು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನು ಅವರಿಗೆ ಓದಿ ಹೇಳುತ್ತಿತ್ತು. ನಾನು ಹಂಚಿದ ಮಾದರಿ ಪಾಠ ಯೋಜನೆ ಹಳೆಯ ಫಾಂಟಿನಲ್ಲಿತ್ತು. ಅವರಿಗೆ ಕೇಳಿಸಿದ್ದು ಅರ್ಥವಿಲ್ಲದ ಇಂಗ್ಲಿಷ್ ಗೊಣಗಾಟ. “ಸರ್, ಗೆಳತಿ ಓದಿ ಹೇಳಿದಳು ಬಿಡ್ರಿ” ಎಂದರು. ಆ ‘ಬಿಡ್ರಿ’ ಇಂದಿಗೂ ನನ್ನನ್ನು ಚುಚ್ಚುತ್ತದೆ. ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣದ ಬಗ್ಗೆ ನಾನು ಒಂದು ಘಟಕವನ್ನೇ ಬೋಧಿಸುತ್ತೇನೆ. ನನ್ನ ಕಡತ ಒಬ್ಬರನ್ನು ಹೊರಗಿಟ್ಟಿತ್ತು.

ಎರಡನೆಯದು ಪರಿವರ್ತಕ. ಎಲ್ಲ ಕಾಲೇಜಿನಲ್ಲೂ ಹಳೆಯ ಫಾಂಟಿನ ಪ್ರಶ್ನೆಪತ್ರಿಕೆ, ಘಟಕ ಯೋಜನೆಗಳ ರಾಶಿ ಇದೆ. ಅವನ್ನು ಯೂನಿಕೋಡಿಗೆ ತಿರುಗಿಸುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ಎರಡು ಎಚ್ಚರ ಸಾಕು. ಕಡತದ ನಡುವೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿಯುತ್ತದೆ. ನೀರಿನ ರಾಸಾಯನಿಕ ಸೂತ್ರ ಯಾವುದೋ ವಿಚಿತ್ರ ಒತ್ತಕ್ಷರವಾಗಿ ಬಂದೀತು. ಅರ್ಕಾವತ್ತು ಬರುವ ಪದಗಳನ್ನು ಕಣ್ಣಿಟ್ಟು ನೋಡಬೇಕು. ‘ಸೂರ್ಯ’ದಲ್ಲಿ ಅರ್ಕಾವತ್ತು ಸರಿ, ‘ರ‍್ಯಾಲಿ’ಯಲ್ಲಿ ಅದು ಬರಬಾರದು. ಅದಕ್ಕಾಗಿ ರಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಒತ್ತಬೇಕು. ಭಾಷಾ ಬೋಧಕರು ಈ ಒಂದು ಕೀಲಿಯನ್ನು ಕಲಿತರೆ ತಪ್ಪು ಮುದ್ರಣ ಎಷ್ಟೋ ಕಡಿಮೆಯಾಗುತ್ತದೆ.

ಮೂರನೆಯದು ಕಾಗುಣಿತ ಪರೀಕ್ಷಕ. ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದ ಕಾಗುಣಿತ ಪರೀಕ್ಷೆ ನಡೆಯುವುದು ಹನ್‌ಸ್ಪೆಲ್ ಎಂಬ ಸಲಕರಣೆಯಿಂದ. ಅದು ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಆ ಭಾಷೆಯಲ್ಲೂ ನಮ್ಮಲ್ಲಿಯಂತೆ ಪದದ ಹಿಂದೆ ಪ್ರತ್ಯಯಗಳು ಸಾಲುಗಟ್ಟುತ್ತವೆ. ಅದಕ್ಕೆ ಕನ್ನಡದ ಪದಪಟ್ಟಿಯೂ ಇದೆ. ಆದರೂ ‘ಮನೆಯಲ್ಲಿದ್ದವರಿಗೂ’ ಎಂಬಂಥ ಸರಿಯಾದ ಪದದ ಕೆಳಗೆ ಕೆಂಪು ಗೆರೆ ಎಳೆದುಬಿಡಬಹುದು. ಇನ್ನೊಂದು ಮಿತಿ ನಮ್ಮ ಸೀಮೆಗೆ ಸಂಬಂಧಿಸಿದ್ದು. ಕಂಪ್ಲಿ, ಸಂಡೂರಿನ ಕಡೆಯ ಮಕ್ಕಳಿಗೆ ಮಾತಿನಲ್ಲಿ ಅಕಾರ ಹಕಾರ ಅದಲುಬದಲು. ‘ಹಕ್ಕಿ ಹಾರಿತು’ ಎನ್ನುವಲ್ಲಿ ‘ಅಕ್ಕಿ’ ಎಂದು ಬರೆದರೆ ಯಂತ್ರ ಸುಮ್ಮನಿರುತ್ತದೆ, ಏಕೆಂದರೆ ಅಕ್ಕಿಯೂ ಸರಿಯಾದ ಪದವೇ. ಧನ ಹೋಗಿ ದನ ಬಂದರೂ ಅದಕ್ಕೆ ಚಿಂತೆಯಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳೂ ಇದೇ ಸೀಮೆಯವರು. ಪಾಠ ಯೋಜನೆಯ ತಪ್ಪು ಕಪ್ಪು ಹಲಗೆಗೆ ಬರುತ್ತದೆ, ಹಲಗೆಯಿಂದ ನಲವತ್ತು ನೋಟ್ ಪುಸ್ತಕಗಳಿಗೆ ಇಳಿಯುತ್ತದೆ. ಪರೀಕ್ಷಕ ಇರಲಿ, ಅದರ ಮೇಲೆ ಸಹಪಾಠಿಯ ಒಂದು ಓದು ಕಡ್ಡಾಯವಾಗಿ ಇರಲಿ.

ನಾಲ್ಕನೆಯದು ಚುಟುಕು ಕೀಲಿ. ಎರಡಕ್ಷರ ಒತ್ತಿದರೆ ಇಡೀ ಸಾಲು ಮೂಡುವಂತೆ ಮಾಡಿಕೊಳ್ಳುವ ಸೌಲಭ್ಯ. ಶಾಲೆಯ ಹೆಸರು, ತರಗತಿ, ಅವಧಿ, ದಿನಾಂಕ, ಕೋಷ್ಟಕದ ಶೀರ್ಷಿಕೆಗಳು ಪ್ರತಿ ಯೋಜನೆಯಲ್ಲೂ ಅವೇ. ಅವನ್ನು ಮತ್ತೆ ಮತ್ತೆ ಬರೆಯುವುದರಿಂದ ಯಾರೂ ಉತ್ತಮ ಶಿಕ್ಷಕರಾಗುವುದಿಲ್ಲ. ಬೆರಳಿಗೆ ಬಿಡುವು ಕೊಡಿ.

ಬೇಡವಾದದ್ದು ಯಾವುದು? ಸಿದ್ಧ ಪಾಠ ಯೋಜನೆ ತುಂಬಿಕೊಡುವ ಸಲಕರಣೆ. ಹಿಂದೆ ಅದು ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತಿತ್ತು. ಈಗ ಕೃತಕ ಬುದ್ಧಿಮತ್ತೆಯ ರೂಪದಲ್ಲಿ ಎಡಿಟರಿನ ಒಳಗೇ ಬಂದು ಕೂತಿದೆ. ವಿವಿಧೋದ್ದೇಶ ನದಿ ಕಣಿವೆ ಯೋಜನೆಗಳ ಪಾಠಕ್ಕೆ ಒಬ್ಬರು ಹಾಗೆ ತಂದ ಯೋಜನೆಯಲ್ಲಿ ಪೂರ್ವಜ್ಞಾನ ಪರೀಕ್ಷೆಯಿಂದ ಉದಾಹರಣೆಯವರೆಗೆ ಬರೀ ಭಾಕ್ರಾ ನಂಗಲ್. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, “ಮೇಡಂ, ನಮ್ಮ ಡ್ಯಾಮಿನ ಗೇಟು ಕಿತ್ತು ಹೋತಲ್ರೀ, ಅದು ಯಾಕ?” ಎಂದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಗಿತ್ತು. ನೀರು ವ್ಯರ್ಥವಾಗಿ ಹರಿದದ್ದು, ರೈತರ ಆತಂಕ, ತಾತ್ಕಾಲಿಕ ಗೇಟು ಇಳಿಸಿದ್ದು ಎಲ್ಲವೂ ಆ ಹುಡುಗನಿಗೆ ಗೊತ್ತಿತ್ತು. ಪಾಠ ಅವನ ಬಾಯಲ್ಲೇ ಇತ್ತು. ಯೋಜನೆಯಲ್ಲಿ ಅವನಿಗೆ ಜಾಗವಿರಲಿಲ್ಲ. “ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ” ಎಂಬ ಉತ್ತರ ಬಂತು.

ಪ್ರಶಿಕ್ಷಣಾರ್ಥಿಗಳ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ದಿನಕ್ಕೆರಡು ಪಾಠ, ಬೋಧನೋಪಕರಣ, ಸಹಪಾಠಿ ವೀಕ್ಷಣೆ, ಬಸ್ಸಿನ ಓಡಾಟ. ಸಮಯವಿಲ್ಲ ಎನ್ನುವುದು ನಿಜ. ಆದರೆ ಸಮಯ ಉಳಿಸಬೇಕಾದದ್ದು ಶೀರ್ಷಿಕೆ ಬರೆಯುವ ಕಡೆ, ಮಗುವನ್ನು ಕುರಿತು ಯೋಚಿಸುವ ಕಡೆಯಲ್ಲ. ಮಣ್ಣಿನ ಪಾಠವನ್ನು ಸಂಡೂರಿನಲ್ಲಿ ಅದಿರಿನ ಕೆಂಧೂಳಿನಿಂದ ಶುರು ಮಾಡಬಹುದು, ಕಂಪ್ಲಿಯಲ್ಲಿ ಭತ್ತದ ಗದ್ದೆಯ ಕೆಸರಿನಿಂದ. ಎರಡೂ ಊರಿಗೆ ಒಂದೇ ಯೋಜನೆ ಹೋದರೆ ಎರಡು ತರಗತಿಗಳಿಗೂ ಅದು ಪರಕೀಯ.

ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಮೂರು. ಎನ್‌ಸಿಟಿಇಯ 2014ರ ಚೌಕಟ್ಟಿನಲ್ಲಿ ಐಸಿಟಿಗಾಗಿಯೇ ಒಂದು ಪ್ರಾಯೋಗಿಕ ಪತ್ರಿಕೆ ಇದೆ. ಅದರ ಮೊದಲ ಎರಡು ಅವಧಿಗಳನ್ನು ಸ್ಲೈಡುಗಳ ಅಲಂಕಾರಕ್ಕೆ ಕೊಡದೆ ಈ ನಾಲ್ಕು ಸಲಕರಣೆಗಳಿಗೆ ಕೊಡೋಣ. ಬೆರಳಚ್ಚಿನ ಪಾಠ ಯೋಜನೆ ಯೂನಿಕೋಡಿನಲ್ಲೇ ಇರಬೇಕೆಂದು ಸೂಚಿಸುವ ಮೊದಲು ನಮ್ಮ ಮಾದರಿಗಳನ್ನು ತಿದ್ದಿಕೊಳ್ಳೋಣ. ಮಾದರಿಯಲ್ಲಿ ‘ಊರಿನ ಉದಾಹರಣೆ’ ಎಂಬ ಒಂದು ಕಲಂ ಸೇರಿಸಿ, ಅದನ್ನು ಖಾಲಿ ಬಿಡೋಣ. ಅದನ್ನು ಪ್ರಶಿಕ್ಷಣಾರ್ಥಿ ಶಾಲೆಗೆ ಹೋಗಿ, ಮಕ್ಕಳ ಜೊತೆ ಮಾತಾಡಿ ಬಂದ ಮೇಲೆ ತುಂಬಬೇಕು.

ಪೆನ್‌ಡ್ರೈವಿನ ಪ್ರಶಿಕ್ಷಣಾರ್ಥಿ ಮರುವಾರ ಅದೇ ತರಗತಿಗೆ ಯೂನಿಕೋಡಿನಲ್ಲಿ ಪ್ರಶ್ನೆಪತ್ರಿಕೆ ತಂದರು. ಅದೇ ಕಂಪ್ಯೂಟರಿನಲ್ಲಿ ಸಲೀಸಾಗಿ ತೆರೆದುಕೊಂಡಿತು. ಹತ್ತರಲ್ಲಿ ಒಂದು ಕಡೆ ‘ಹಾಳು’ ಎನ್ನುವಲ್ಲಿ ‘ಆಳು’ ಎಂದಿತ್ತು. ಹುಡುಗಿಯೊಬ್ಬಳು ಎದ್ದು ತಿದ್ದಿದಳು. ಪ್ರಶಿಕ್ಷಣಾರ್ಥಿ ನಕ್ಕು ಹಲಗೆಯ ಮೇಲೆ ಎರಡೂ ಪದ ಬರೆದು ವ್ಯತ್ಯಾಸ ಹೇಳಿದರು. ಈ ಸಲ ನಾನು ಪೂರ್ತಿ ಅಂಕ ಕೊಟ್ಟೆ.