ಹಳೆಯ ಉಪ್ಪುನೀರಿನ ಮೀನುತೊಟ್ಟಿಯನ್ನು ಕೊಳ್ಳುವ ವಿಚಾರ

ಒಬ್ಬರು ಬಳಸಿ ಬಿಟ್ಟ ದೊಡ್ಡ ಗಾಜಿನ ಮೀನುತೊಟ್ಟಿಗಳು ಪಟ್ಟಣಗಳಲ್ಲಿ ಅಲ್ಪ ಕ್ರಯಕ್ಕೆ ದೊರೆಯುವುದುಂಟು. ಕ್ರಯವೊಂದನ್ನೇ ನೋಡಿ ಕೊಳ್ಳುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.

6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯನ್ನು ತುಂಬಲು ಸುಮಾರು 680 ಲೀಟರು ಉಪ್ಪುನೀರು ಬೇಕು; ಅದರ ತೂಕವೇ ಸುಮಾರು 700 ಕಿಲೋಗ್ರಾಂ. ಆದುದರಿಂದ ಅದನ್ನು ಮಹಡಿಯಲ್ಲಿಡದೆ ಕೆಳಮನೆಯ ಗಟ್ಟಿ ನೆಲದ ಮೇಲೆ ಇಡತಕ್ಕದ್ದು. ಅದಕ್ಕೆ ಮೊದಲು ಅಂಗಳದಲ್ಲಿ ಸಿಹಿನೀರು ತುಂಬಿ, ಸೋರಿಕೆಯುಂಟೇ ಎಂದು ಪರೀಕ್ಷಿಸತಕ್ಕದ್ದು. ಹಿಂದಿನವರು ತಾಮ್ರದ ಔಷಧಿಯನ್ನು ಬಳಸಿದ್ದರೇ ಎಂದೂ ವಿಚಾರಿಸಬೇಕು. ಅದರ ಶೇಷವು ಸಿಗಡಿ ಮೊದಲಾದ ಜೀವಿಗಳಿಗೆ ವಿಷ.

ಮೀನಿನಿಂದಲೂ ಕೊಳೆತ ಮೇವಿನಿಂದಲೂ ಹುಟ್ಟುವ ಅಮೋನಿಯವನ್ನು ಸೂಕ್ಷ್ಮಜೀವಿಗಳು ಮೊದಲು ನೈಟ್ರೈಟಾಗಿಯೂ, ತರುವಾಯ ನೈಟ್ರೇಟಾಗಿಯೂ ಮಾರ್ಪಡಿಸುವುವು. ಹೊಲಕ್ಕೆ ಹಾಕಿದ ಗೊಬ್ಬರವು ಪೈರಿಗೆ ಒದಗುವುದೂ ಈ ಕ್ರಮದಿಂದಲೇ. ಈ ಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುವುದು. ಅಲ್ಲಿಯವರೆಗೆ ಕೊಂಚ ಮೇವನ್ನು ಮಾತ್ರ ಹಾಕಿ ಕಾಯಬೇಕೇ ಹೊರತು ಮೀನುಗಳನ್ನು ಬಿಡಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಹೊರಚೆಲ್ಲುವ ನೀರಿನ ಪ್ರಶ್ನೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವುದು. ತೊಟ್ಟಿಯ ಹತ್ತನೆಯ ಒಂದು ಪಾಲು ನೀರನ್ನು ಬದಲಾಯಿಸಿದಾಗಲೆಲ್ಲ ಸುಮಾರು 2.4 ಕಿಲೋಗ್ರಾಂ ಉಪ್ಪು ಹೊರಬೀಳುವುದು. ಅದನ್ನು ಹಿತ್ತಿಲಿಗೋ ಬಾವಿಯ ಬಳಿಗೋ ಚೆಲ್ಲುತ್ತ ಬಂದರೆ ನೆಲವು ಚೌಳಾಗುವುದು, ಕುಡಿಯುವ ನೀರೂ ಕೆಡಬಹುದು. ಚೌಳು ನೆಲವನ್ನು ತಿದ್ದುವ ಕಷ್ಟವು ರೈತರಿಗೆ ಹೊಸದಲ್ಲ.

ಆದುದರಿಂದ ತಕ್ಕ ಚರಂಡಿಯಿಲ್ಲದ ಊರುಗಳಲ್ಲಿ ಈ ಅಲಂಕಾರವನ್ನು ಬಿಟ್ಟು, ಅದೇ ತೊಟ್ಟಿಯಲ್ಲಿ ಸಿಹಿನೀರಿನ ಮೀನುಗಳನ್ನು ಸಾಕುವುದೇ ಲೇಸು. ಅದರ ಹಳೆಯ ನೀರು ಗಿಡಗಳಿಗೆ ಗೊಬ್ಬರವಾದೀತು.