ಕಡ್ಡಿಯೊಳಗಿನ ಹುಣ್ಣು

2021ರ ಜನವರಿಯಿಂದ ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೋ ರೈಲು ತಲಘಟ್ಟಪುರವನ್ನು ದಾಟಿ ಇನ್ನೊಂದು ನಿಲ್ದಾಣಕ್ಕೆ ಹೋಗಿ ನಿಲ್ಲುತ್ತದೆ. ಆ ಕೊನೆಯ ನಿಲ್ದಾಣಕ್ಕೆ ‘ರೇಷ್ಮೆ ಸಂಸ್ಥೆ’ಯೆಂದು ಹೆಸರು. ತಲಘಟ್ಟಪುರದಲ್ಲಿರುವ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಿಂದ ಬಂದ ಹೆಸರಿದು. ಸೀರೆಯ ಸೆರಗು ಅಂಚುಗಳನ್ನು ಕುರಿತು ಗಂಟೆಗಟ್ಟಲೆ ಚರ್ಚಿಸಬಲ್ಲ ನಗರವಾಸಿಗಳಿಗೆ ರೇಷ್ಮೆಯ ಮೂಲ ಹುಳುವೆಂಬುದು ಗೊತ್ತುಂಟು. ಹುಳುವಿನ ಬಾಳೆಲ್ಲ ಒಂದು ಗೇಣುದ್ದದ ಕಡ್ಡಿಯನ್ನು ನಂಬಿದೆಯೆಂಬುದು ಅಷ್ಟಾಗಿ ಗೊತ್ತಿರಲಾರದು.

ಹಿಪ್ಪುನೇರಳೆಯನ್ನು ರೈತರು ಸಾಮಾನ್ಯವಾಗಿ ಬೀಜದಿಂದ ಬೆಳೆಸುವುದಿಲ್ಲ. ಆರೆಂಟು ತಿಂಗಳು ಬಲಿತ ರೆಂಬೆಯನ್ನು ಮೂರು ನಾಲ್ಕು ಕಣ್ಣುಗಳಿರುವಂತೆ ಕತ್ತರಿಸಿ ಮಡಿಯಲ್ಲಿ ನೆಡುತ್ತಾರೆ. ಕತ್ತಿಯ ಆ ಗಾಯವೇ ರೋಗಕ್ಕೆ ಬಾಗಿಲು. ಮಣ್ಣಿನಲ್ಲಿಯೋ ತಾಯಿಗಿಡದಲ್ಲಿಯೋ ಅಡಗಿರುವ ಲ್ಯಾಸಿಯೋಡಿಪ್ಲೋಡಿಯ ಎಂಬ ಶಿಲೀಂಧ್ರವು ಗಾಯದ ಮೂಲಕ ಒಳಹೊಕ್ಕು, ತೊಗಟೆಯ ಕೆಳಗಿನ ಜೀವಂತ ಪದರವನ್ನು ಕೊಲ್ಲುತ್ತ ಸಾಗುತ್ತದೆ. ಕೆಲವು ದಿನಗಳ ಮೇಲೆ ತೊಗಟೆ ಕಪ್ಪಿಟ್ಟು, ಅದನ್ನು ಒಡೆದುಕೊಂಡು ಸಣ್ಣ ಗುಳ್ಳೆಗಳು ಮೇಲೇಳುತ್ತವೆ. ಇದೇ ಕಾಂಡದ ಹುಣ್ಣು.

ಈ ರೋಗದ ಕ್ರೌರ್ಯವಿರುವುದು ಅದರ ಮೋಸದಲ್ಲಿ. ಕಡ್ಡಿಯು ತನ್ನೊಡಲಲ್ಲಿ ಕೂಡಿಟ್ಟ ಆಹಾರದ ಬಲದಿಂದ ಬೇರು ಬಿಡುವ ಮೊದಲೇ ಚಿಗುರಬಲ್ಲದು. ಮಡಿಯೆಲ್ಲ ಹಸಿರಾದುದನ್ನು ಕಂಡು ರೈತನು ಹಿಗ್ಗುತ್ತಾನೆ. ಮನೆಯವರೊಡನೆ ಮುಂದಿನ ಬೆಳೆಯ ಲೆಕ್ಕ ಹಾಕುತ್ತಾನೆ. ಕೂಡಿಟ್ಟದ್ದು ತೀರುತ್ತಲೇ ಚಿಗುರು ಬಾಡುತ್ತದೆ. ಕಿತ್ತು ನೋಡಿದರೆ ಕೆಳಗೆ ಬೇರಿನ ಸುಳಿವಿಲ್ಲ, ತೊಗಟೆ ಕೊಳೆತು ಕೈಗೇ ಸುಲಿದುಬರುತ್ತದೆ.

ಇಂಥ ಹುಣ್ಣು ಮಹಾವೃಕ್ಷಗಳನ್ನೂ ಬಿಟ್ಟಿಲ್ಲ. 1928ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಾಣಿಸಿಕೊಂಡ ಸೈಪ್ರೆಸ್ ಮರದ ಹುಣ್ಣು 1951ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಪತ್ತೆಯಾಯಿತು; ಚಿತ್ರಗಳಲ್ಲಿ ನಾವೆಲ್ಲ ನೋಡಿ ಮೆಚ್ಚುವ ಟಸ್ಕನಿಯ ಆ ನೀಳವಾದ ಮರಗಳು ಅಪಾರ ಸಂಖ್ಯೆಯಲ್ಲಿ ಒಣಗಿದವು. ಅಲ್ಲಿ ಬೇರೆ ಶಿಲೀಂಧ್ರ, ಆದರೆ ಅದೇ ಹಾದಿ: ತೊಗಟೆಯ ಬಿರುಕಿನಿಂದ ಪ್ರವೇಶ, ಅಂಟು ಸುರಿಯುವ ಗಾಯ, ಹುಣ್ಣು ಕಾಂಡವನ್ನು ಬಳಸಿ ಬಂದೊಡನೆ ಮೇಲ್ಭಾಗಕ್ಕೆ ಮರಣ.

ದೊಡ್ಡ ಮರಕ್ಕೆ ಮದ್ದು ಮಾಡುವುದು ಕಷ್ಟ. ಕಡ್ಡಿಗೆ ಸುಲಭ, ಆದರೆ ನೆಡುವ ಮುನ್ನ ಮಾಡಬೇಕು. ಎಲೆಯನ್ನು ಹುಳು ತಿನ್ನಬೇಕಾದ್ದರಿಂದ ತೋಟದಲ್ಲಿ ಮನಬಂದಂತೆ ಔಷಧಿ ಸಿಂಪಡಿಸುವಂತಿಲ್ಲ. ಕಾರ್ಬೆಂಡಜಿಂ ಕರಗಿಸಿದ ನೀರಿನಲ್ಲಿ ಕಡ್ಡಿಗಳನ್ನು ಅರ್ಧ ಗಂಟೆ ನೆನೆಸಿ ನೆಡುವುದು ಒಂದು ಕ್ರಮ. ಬೇವಿನ ಹಿಂಡಿಯೊಡನೆ ಟ್ರೈಕೋಡರ್ಮ ಎಂಬ ಇನ್ನೊಂದು ಶಿಲೀಂಧ್ರವನ್ನು ಬೆಳೆಸಿ ಮಡಿಗೆ ಬೆರೆಸುವುದು ಮತ್ತೊಂದು. ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಈ ಎರಡನೆಯ ಉಪಾಯವೇ ಹೆಚ್ಚು ಜಾಣತನದ್ದೆನ್ನಬೇಕು. ಕತ್ತಿಯ ಅಲಗು ಹರಿತವಾಗಿರಬೇಕು, ಶುಚಿಯಾಗಿರಬೇಕು. ಜಜ್ಜಿದ ತುದಿಯಲ್ಲಿ ರೋಗ ಬೇಗ ನೆಲಸುತ್ತದೆ.

ಒಮ್ಮೆ ನಾಟಿದ ಹಿಪ್ಪುನೇರಳೆ ತೋಟ ಹತ್ತು ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಕನಕಪುರದ ಕಡೆಯ ರೈತರಲ್ಲಿ ನೆರೆಯವರಿಂದ ಕಡ್ಡಿಯ ಕಟ್ಟು ತರುವವರು ಮೊದಲು ಅದರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಲಿ. ಒಳಗೆ ಹಸಿರಿದ್ದರೆ ಮಾತ್ರ ತರಲಿ.