ಪ್ರಬಂಧ ಓದಿದ ಮಕ್ಕಳನ್ನು ಪ್ರಶ್ನೆ ಕೇಳೋಣ

ನಮ್ಮ ಮಠಗಳು, ಸಂಘ-ಸಂಸ್ಥೆಗಳು ನಡೆಸುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಷಕ್ಕೊಂದು ತಾಂತ್ರಿಕ ಸಮ್ಮೇಳನ ಈಗ ರೂಢಿಯಾಗಿದೆ. ಆಮಂತ್ರಣ ಪತ್ರಿಕೆಯಲ್ಲಿ ಪೂಜ್ಯರ ದಿವ್ಯ ಸಾನ್ನಿಧ್ಯ, ಉದ್ಘಾಟಕರು, ಮುಖ್ಯ ಅತಿಥಿಗಳು ಎಲ್ಲ ಮುಗಿದ ಮೇಲೆ ಕೊನೆಯ ಸಾಲಿನಲ್ಲಿ ‘ವಿದ್ಯಾರ್ಥಿಗಳ ಸಂಶೋಧನ ಪ್ರಬಂಧ ಸ್ಪರ್ಧೆ’ ಎಂದಿರುತ್ತದೆ. ಅಂಥ ಒಂದು ಸ್ಪರ್ಧೆಯನ್ನು ನಡೆಸುವ ಕಾಯಕ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ವೇದಿಕೆಯ ಮೇಲೆ ಬಸವತತ್ವದ ಬಗ್ಗೆ ಎಷ್ಟೇ ಮಾತಾಡಿದರೂ ಅದರ ನಿಜವಾದ ಪರೀಕ್ಷೆ ಆ ಕೊನೆಯ ಸಾಲಿನಲ್ಲಿ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಪರೀಕ್ಷೆಯಲ್ಲಿ ನಮ್ಮ ಸಂಸ್ಥೆಗಳು ಇನ್ನೂ ಪಾಸಾಗಿಲ್ಲ.

1947ರಲ್ಲಿ ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. 1963ರಲ್ಲಿ ತುಮಕೂರಿನಲ್ಲಿ ಸಿದ್ಧಗಂಗಾ ಕಾಲೇಜು, ಅದೇ ವರ್ಷ ಬಾಗಲಕೋಟೆಯಲ್ಲಿ ಬಿ.ವಿ.ವಿ. ಸಂಘದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಒಕ್ಕಲು ಮನೆತನದ ಮಕ್ಕಳೂ ಎಂಜಿನಿಯರ್ ಆಗಲಿ ಎಂದು ಹಿರಿಯರು ಬಾಗಿಲು ತೆರೆದರು. ಒಳಗೆ ಬಂದ ಮಕ್ಕಳಿಂದ ನಾವು ಏನನ್ನು ಬಯಸುತ್ತಿದ್ದೇವೆ ಎಂಬುದು ಈಗ ಕೇಳಿಕೊಳ್ಳಬೇಕಾದ ಮಾತು.

ಸಾಮಾನ್ಯವಾಗಿ ಸ್ಪರ್ಧೆ ನಡೆಯುವ ರೀತಿ ಎಲ್ಲರಿಗೂ ಗೊತ್ತು. ಹತ್ತು ನಿಮಿಷ, ಇಪ್ಪತ್ತು ಸ್ಲೈಡು, ಪಟಪಟನೆ ಇಂಗ್ಲಿಷು. ತೀರ್ಪುಗಾರರ ಒಂದು ಕಣ್ಣು ಮೊಬೈಲಿನ ಮೇಲೆ. ‘ಪ್ರಶ್ನೆಗಳಿವೆಯೇ?’ ಎನ್ನುವಷ್ಟರಲ್ಲಿ ಊಟದ ಹೊತ್ತು. ಬಹುಮಾನ ಚೆಂದದ ಸ್ಲೈಡಿಗೆ, ಚೆಂದದ ಉಚ್ಚಾರಕ್ಕೆ. ಪ್ರಬಂಧದ ನೆತ್ತಿಯ ಮೇಲೆ ವಿದ್ಯಾರ್ಥಿಯ ಹೆಸರಿನ ಜೊತೆಗೆ ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಕೆಲವೊಮ್ಮೆ ಪ್ರಾಚಾರ್ಯರು. ಅವರಲ್ಲಿ ಎಷ್ಟು ಜನ ಆ ಪ್ರಬಂಧವನ್ನು ಓದಿರುತ್ತಾರೋ! ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನವರನ್ನು ತಿರುಗಿ ಕಳಿಸಿದ ಲಕ್ಕಮ್ಮನವರ ಕತೆಯನ್ನು ಶ್ರಾವಣದ ಪ್ರವಚನಗಳಲ್ಲಿ ತಲೆದೂಗಿ ಕೇಳುತ್ತೇವೆ. ತಾನು ದುಡಿಯದ ಪ್ರಬಂಧದಲ್ಲಿ ತನ್ನ ಹೆಸರು ಹಾಕಿಸಿಕೊಳ್ಳುವುದು ಆ ಹೆಚ್ಚಿನ ಅಕ್ಕಿಯೇ ಎಂದು ಯಾರಿಗೂ ಅನ್ನಿಸುವುದಿಲ್ಲ.

ಪ್ರತಿ ವರ್ಷ ತಪ್ಪದೆ ಬರುವ ಒಂದು ವಿಷಯವಿದೆ: ಎಲೆಯ ಫೋಟೊ ನೋಡಿ ಬೆಳೆಯ ರೋಗ ಗುರುತಿಸುವ ಕಂಪ್ಯೂಟರ್ ಪ್ರೋಗ್ರಾಂ. ನಿಖರತೆ ಶೇ. 98, ಶೇ. 99 ಎಂದು ಬರೆದಿರುತ್ತಾರೆ. ಇವುಗಳಲ್ಲಿ ಬಹಳಷ್ಟಕ್ಕೆ ಆಧಾರ ‘ಪ್ಲಾಂಟ್‌ವಿಲೇಜ್’ ಎಂಬ ಉಚಿತ ಚಿತ್ರಸಂಗ್ರಹ. ಅದರಲ್ಲಿ 14 ಬೆಳೆಗಳ 54 ಸಾವಿರಕ್ಕೂ ಹೆಚ್ಚು ಎಲೆಗಳ ಚಿತ್ರಗಳಿವೆ. ಎಲೆ ಕಿತ್ತು, ಹಾಳೆಯ ಮೇಲೆ ಒಂದೊಂದನ್ನೇ ಇಟ್ಟು ತೆಗೆದ ಚಿತ್ರಗಳು. 2016ರಲ್ಲಿ ಈ ಸಂಗ್ರಹವನ್ನು ಬಳಸಿ ಪ್ರಕಟವಾದ ಹೆಸರಾಂತ ಪ್ರಬಂಧವೊಂದು ಶೇ. 99.35 ನಿಖರತೆ ತೋರಿಸಿತ್ತು. ಬೇರೆ ಕಡೆಯಿಂದ ತಂದ ಚಿತ್ರಗಳನ್ನು ಕೊಟ್ಟು ನೋಡಿದಾಗ ಅದು ಶೇ. 31ರ ಆಸುಪಾಸಿಗೆ ಇಳಿಯಿತು ಎಂಬುದನ್ನೂ ಅದರ ಲೇಖಕರು ಮುಚ್ಚಿಡದೆ ಬರೆದಿದ್ದಾರೆ. ನಮ್ಮ ಹುಡುಗರು ಮೊದಲನೆಯ ಅಂಕಿಯನ್ನಷ್ಟೇ ಓದಿರುತ್ತಾರೆ. ಆ 14 ಬೆಳೆಗಳಲ್ಲಿ ಸೇಬು ಇದೆ, ಸ್ಟ್ರಾಬೆರಿ ಇದೆ. ತೊಗರಿ ಇಲ್ಲ, ಬಿಳಿಜೋಳ ಇಲ್ಲ, ಕಡಲೆ ಇಲ್ಲ. ಕಲ್ಯಾಣ ನಾಡಿನ ಬಿಸಿಲಲ್ಲಿ ಕುಳಿತು ಸೇಬಿನ ಎಲೆಯ ರೋಗ ಹುಡುಕುವ ಪ್ರಬಂಧ ಕೈಗೆ ಬಂದಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಆ ಮಕ್ಕಳು ದಡ್ಡರಲ್ಲ. ‘ನಿಮ್ಮ ಹೊಲದ ಎಲೆ ಎಷ್ಟು ಕೊಟ್ಟು ನೋಡಿದಿರಿ?’ ಎಂದು ಅವರನ್ನು ಯಾರೂ ಕೇಳಿಲ್ಲ, ಅಷ್ಟೆ.

ಆದ್ದರಿಂದ ನಮ್ಮ ಸ್ಪರ್ಧೆಯಲ್ಲಿ ಸಮಯವನ್ನು ಬೇರೆ ರೀತಿ ಹಂಚಿದೆವು. ಮಂಡನೆಗೆ ಐದು ನಿಮಿಷ, ಪ್ರಶ್ನೆಗೆ ಹದಿನೈದು. ಮೊದಲ ಸುತ್ತಿನಲ್ಲಿ ಪ್ರಬಂಧದ ಮೇಲಿನ ಹೆಸರು, ಊರು, ಕಾಲೇಜು ಮುಚ್ಚಿಯೇ ತೀರ್ಪುಗಾರರಿಗೆ ಕೊಡುತ್ತೇವೆ. ಎರಡನೆಯ ಸುತ್ತಿಗೆ ಬರುವವರು ಲ್ಯಾಬಿನಲ್ಲೋ ಹೊಲದಲ್ಲೋ ದಿನದಿನ ಬರೆದಿಟ್ಟ ನೋಟ್‌ಬುಕ್ ತರಬೇಕು. ಗೀಚು, ಒಡೆದುಹಾಕಿದ ಲೆಕ್ಕ, ಎಣ್ಣೆಯ ಕಲೆ ಎಲ್ಲ ಇರುವ ಪುಸ್ತಕ. ಬಹುಮಾನ ಸಿಗದವರಿಗೂ ಏಕೆ ಸಿಗಲಿಲ್ಲ ಎಂದು ನಾಲ್ಕು ಸಾಲು ಬರೆದು ಕೊಡುತ್ತೇವೆ. ಹೀಗೆ ಬರೆದು ಕೊಡಲು ತೀರ್ಪುಗಾರರನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಉತ್ತರ ಯಾವ ಭಾಷೆಯಲ್ಲಾದರೂ ಇರಬಹುದು ಎಂದು ಮೊದಲೇ ಹೇಳಿಬಿಡುತ್ತೇವೆ. ಒಂದು ವರ್ಷ ಕಲಬುರಗಿ ಕಡೆಯ ಹುಡುಗಿಯೊಬ್ಬಳು ತೊಗರಿಯ ರೋಗದ ಮೇಲೆ ಪ್ರಬಂಧ ತಂದಿದ್ದಳು. ಆಕೆಯ ನಿಖರತೆಯ ಅಂಕಿ ಆ ದಿನ ಬಂದ ಎಲ್ಲ ಪ್ರಬಂಧಗಳಿಗಿಂತ ಕಡಿಮೆ. ಇಂಗ್ಲಿಷಿನಲ್ಲಿ ಐದು ನಿಮಿಷ ತಡವರಿಸಿದಳು. ಇಷ್ಟು ಕಡಿಮೆ ಏಕೆ ಬಂತಮ್ಮ ಎಂದು ಕೇಳಿದಾಗ ಅವಳ ಮಾತು ಬದಲಾಯಿತು. ‘ಗೊಡ್ಡು ರೋಗ ಎಲಿಮ್ಯಾಲ ಕಾಣಸ್ತದ್ರಿ ಸರ್. ನೆಟೆ ರೋಗ ಎಲಿ ನೋಡಿ ಹೇಳ್ಲಾಕ ಆಗಲ್ರಿ, ನೀರಿಲ್ದ ಬಾಡಿದ್ರೂ ಹಂಗೇ ಕಾಣಸ್ತದ. ಕಾಂಡ ಸೀಳಿ ಒಳಗ ಕರಿ ಗೆರಿ ಅದಾವಿಲ್ಲ ನೋಡಬೇಕ್ರಿ’ ಎಂದಳು. ಕ್ಯಾಮೆರಾ ಎಲ್ಲಿ ಸೋಲುತ್ತದೆ, ಏಕೆ ಸೋಲುತ್ತದೆ ಎಂಬುದನ್ನು ಅವಳು ತನ್ನ ಅಪ್ಪನ ಹೊಲದಲ್ಲಿ ನಿಂತು ಕಂಡುಕೊಂಡಿದ್ದಳು, ನೋಟ್‌ಬುಕ್ಕಿನಲ್ಲಿ ಸಾಲುಸಾಲಾಗಿ ಬರೆದಿದ್ದಳು. ಒಬ್ಬ ತೀರ್ಪುಗಾರರು ‘ಅಂಕಿ ಕಡಿಮೆ ಇದೆ, ಸಮಾಧಾನಕರ ಬಹುಮಾನ ಸಾಕು’ ಎಂದರು. ಮುಕ್ಕಾಲು ಗಂಟೆ ವಾದ ನಡೆಯಿತು. ಮೊದಲ ಬಹುಮಾನ ಅವಳಿಗೇ ಹೋಯಿತು. ಅದು ಸರಿಯಾದ ತೀರ್ಪೆಂದು ಈಗಲೂ ಹೇಳುತ್ತೇನೆ.

ಇದಕ್ಕೆ ಎರಡು ಆಕ್ಷೇಪಣೆ ಕೇಳಿದ್ದೇನೆ. ಇಂಗ್ಲಿಷ್ ಬಾರದೆ ಎಂಜಿನಿಯರ್ ಮುಂದೆ ಬರುವುದು ಹೇಗೆ ಎಂಬುದು ಒಂದು. ಇಂಗ್ಲಿಷ್ ಕಲಿಸೋಣ, ಅದಕ್ಕೆ ಬೇರೆ ತರಗತಿ ಇದೆ. ಸಂಶೋಧನೆಯನ್ನು ಅಳೆಯುವ ದಿನ ಸಂಶೋಧನೆಯನ್ನೇ ಅಳೆಯೋಣ. ದೊಡ್ಡ ವಿಚಾರಕ್ಕೆ ಆಡುಮಾತು ಸಾಲದು ಎಂಬ ವಾದಕ್ಕೆ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಉತ್ತರ ಕೊಟ್ಟಿದ್ದಾರೆ. ಇನ್ನೊಂದು, ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್ ಇರುವಾಗ ಇಷ್ಟೊಂದು ವಿಚಾರಣೆ ಏಕೆಂಬುದು. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆದರೆ ಆ ಸಾಫ್ಟ್‌ವೇರ್ ಪದಗಳ ಹೋಲಿಕೆಯನ್ನು ಎಣಿಸುತ್ತದೆ, ಕೆಲಸ ಯಾರದೆಂದು ಅದಕ್ಕೆ ತಿಳಿಯದು. ಚಾಟ್‌ಜಿಪಿಟಿ ಬಂದ ಮೇಲಂತೂ ಹೋಲಿಕೆಯೇ ಇಲ್ಲದ ಪ್ರಬಂಧವನ್ನು ಅರ್ಧ ಗಂಟೆಯಲ್ಲಿ ಬರೆಸಬಹುದು. ಎದುರಿಗೆ ಕೂರಿಸಿ ಕೇಳುವುದಕ್ಕಿಂತ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಎದುರಿಗೆ ಕೂರಿಸಿ ಕೇಳುವುದು ನಮಗೆ ಹೊಸದೂ ಅಲ್ಲ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಹಾರ ಹಾಕಿ ಸ್ವಾಗತಿಸಲಿಲ್ಲ, ಪ್ರಶ್ನೆ ಕೇಳಿದರು. ಒಂದರ ಮೇಲೊಂದು, ಮೃದುವಲ್ಲದ ಪ್ರಶ್ನೆಗಳು. ಆ ಉತ್ತರಗಳನ್ನು ಕೇಳಿದ ಮೇಲೆ ಇಡೀ ಅನುಭವ ಮಂಟಪ ಅವರಿಗೆ ಶರಣೆಂದಿತು. ಅಲ್ಲಿ ಯಾರೂ ಅವರ ಕುಲದ ಮೇಲೆ ಅಂಕ ಕೊಡಲಿಲ್ಲ.

ಇಲ್ಲಿಗೆ ಕಹಿಯಾದ ಒಂದು ಮಾತು ಬರೆಯಲೇಬೇಕು. ಫಲಿತಾಂಶದ ಹಿಂದಿನ ಸಂಜೆ ಫೋನು ಬರುತ್ತವೆ. ‘ಸರ್, ಆ ಹುಡುಗ ನಮ್ಮವನೇ ಇದಾನ್ರಿ, ಸ್ವಲ್ಪ ನೋಡ್ರಿ.’ ನಮ್ಮವನು ಎಂದರೆ ಲಿಂಗಾಯತ ಎಂದೂ ಅಲ್ಲ; ಅದರೊಳಗಿನ ಪಂಗಡ. ಹೀಗೆ ಫೋನು ಮಾಡುವವರು ಬಸವ ಜಯಂತಿಯ ಮೆರವಣಿಗೆಯಲ್ಲಿ ಮುಂದಿನ ಸಾಲಿನಲ್ಲಿರುವವರೇ. ‘ನಮ್ಮವ’ ಎಂಬ ಮಾತನ್ನು ಅಣ್ಣ ಬಸವಣ್ಣನವರು ಬಾಗಿಲು ತೆರೆಯಲು ಬಳಸಿದರು. ಇವರು ಅದೇ ಮಾತಿನಿಂದ ಬಾಗಿಲು ಹಾಕುತ್ತಾರೆ. ಹೆಸರು ಮುಚ್ಚುವ ಪದ್ಧತಿಗೆ ಕೆಲವು ಕಡೆ ಇಷ್ಟು ವಿರೋಧ ಏಕೆಂದು ಇದರಿಂದ ತಿಳಿಯುತ್ತದೆ. ಹೆಸರು ಮುಚ್ಚಿದರೆ ಅಡ್ಡಹೆಸರೂ ಮುಚ್ಚುತ್ತದಲ್ಲ!

ಶುಲ್ಕದ ವಿಚಾರವೂ ಇದೆ. ಪ್ರಬಂಧ ಮಂಡಿಸಲು ವಿದ್ಯಾರ್ಥಿಯಿಂದಲೂ ನೋಂದಣಿ ಹಣ ತೆಗೆದುಕೊಳ್ಳುವ ಪದ್ಧತಿ ಹರಡಿದೆ. ಜಾತಿ ಕೇಳದೆ, ಕಾಸು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಮಠಗಳ ಪರಂಪರೆ ನಮ್ಮದು. ಊಟ ದಾಸೋಹವಾಗಬಹುದಾದರೆ ಪ್ರಬಂಧ ಓದುವ ಐದು ನಿಮಿಷ ಏಕೆ ಆಗಬಾರದು? ಖರ್ಚು ಎಲ್ಲಿಂದ ಎಂದು ಕೇಳುವವರು ಶಾಲು, ಹಾರ, ಸ್ಮರಣಿಕೆಗಳ ಬಿಲ್ಲನ್ನು ಒಮ್ಮೆ ಕೂಡಿಸಿ ನೋಡಲಿ. ಈ ವರ್ಷದ ಆಮಂತ್ರಣ ಅಚ್ಚಿಗೆ ಹೋಗುವ ಮೊದಲು ವಿದ್ಯಾರ್ಥಿಗಳ ಶುಲ್ಕದ ಸಾಲನ್ನು ತೆಗೆಯಬೇಕೆಂದು ಆಡಳಿತ ಮಂಡಳಿಗೆ ಪತ್ರ ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಈ ಪತ್ರಿಕೆ ತಲುಪುವ ಮಠಗಳ ಪೂಜ್ಯರಲ್ಲಿ ಒಂದು ಅರಿಕೆ. ತಾವು ಸಮ್ಮೇಳನಕ್ಕೆ ದಯಮಾಡಿಸಿದಾಗ ಸಮಾರೋಪದಲ್ಲಿ ಬಹುಮಾನ ಕೊಡುವುದಕ್ಕಷ್ಟೇ ಬರಬೇಡಿ. ಮಧ್ಯಾಹ್ನ ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ, ಒಂದಾದರೂ ಪ್ರಶ್ನೆ ಕೇಳಿ. ಹಾಗೆ ಕುಳಿತ ಸ್ವಾಮಿಗಳೊಬ್ಬರನ್ನು ನಾನು ನೋಡಿದ್ದೇನೆ. ಪಂಪ್‌ಸೆಟ್ಟಿನ ಕರೆಂಟು ಉಳಿಸುವ ಉಪಕರಣ ತಂದಿದ್ದ ಹುಡುಗನಿಗೆ ಅವರು ಕೇಳಿದ್ದು ಇಷ್ಟೆ: ‘ಇದನ್ನ ನಿಮ್ಮ ಅಪ್ಪಗ ತೋರಿಸಿಯೇನು? ಏನಂದ?’ ಹುಡುಗ ಸ್ಲೈಡು ಬಿಟ್ಟು, ಮೊದಲ ಸಲ ತಲೆಯೆತ್ತಿ ಮಾತಾಡತೊಡಗಿದ.